ವಿಶ್ವದ ಮಹಾಶಿಲ್ಪಿ: ಫ್ರೀಮೇಸನ್ನರು ನಂಬುವ ದೇವರು ಯಾರು?

ಫ್ರೀಮೇಸನ್ನರದು ಗುಟ್ಟಿನ ವಿಧಿಗಳುಳ್ಳ ಸೋದರ ಸಂಘ, ಅದರ ಸ್ಥಳೀಯ ಘಟಕವೇ ಲಾಡ್ಜ್. ಅದನ್ನು ಸೇರಲು ಬರುವವನಿಗೆ ಮೊದಲ ಷರತ್ತೇ ದೇವರದ್ದು. ಪರಮಾತ್ಮನೊಬ್ಬನಿದ್ದಾನೆಂದು ನಂಬುತ್ತೀರಾ ಎಂದು ಕೇಳುತ್ತಾರೆ. ಹೌದೆಂದರೆ ಸಾಕು, ಅವನು ಶಿವನೋ ಅಲ್ಲಾಹನೋ ಯೆಹೋವನೋ ಎಂದು ಯಾರೂ ಕೆದಕುವುದಿಲ್ಲ. ಎಲ್ಲರ ದೇವರಿಗೂ ಹೊಂದಲಿ ಎಂದು ಅಲ್ಲಿ ಬಳಸುವ ಹೆಸರು ‘ವಿಶ್ವದ ಮಹಾಶಿಲ್ಪಿ’. ಇದನ್ನು ಮೇಸನ್ನರದೇ ಬೇರೊಂದು ದೇವರೆಂದು ತಿಳಿಯುವವರು ಬಹಳ. ಆದರೆ ಈ ಶಿಲ್ಪಿಗೆ ವಿಗ್ರಹವಿಲ್ಲ, ಪುರಾಣವಿಲ್ಲ, ಹಬ್ಬವೂ ಇಲ್ಲ. ಕಲ್ಲುಕುಟಿಗರ (ಇಂಗ್ಲಿಷಿನಲ್ಲಿ ಮೇಸನ್) ಪರಿಭಾಷೆಯನ್ನು ಎರವಲು ಪಡೆದ ಸಂಘ ದೇವರನ್ನೂ ಅದೇ ಭಾಷೆಯಲ್ಲಿ ಕರೆಯಿತು.

ಲಂಡನ್ನಿನಲ್ಲಿ 1723ರಲ್ಲಿ ಅಚ್ಚಾದ ಮೇಸನ್ನರ ನಿಯಮಾವಳಿಯನ್ನು ಬರೆದವನು ಪ್ರೆಸ್ಬಿಟೇರಿಯನ್ ಎಂಬ ಪ್ರಾಟೆಸ್ಟಂಟ್ ಪಂಥದ ಪಾದ್ರಿ ಜೇಮ್ಸ್ ಆಂಡರ್ಸನ್. ಎಲ್ಲರೂ ಒಪ್ಪುವ ಧರ್ಮವಷ್ಟೇ ಕಡ್ಡಾಯ, ಮಿಕ್ಕ ಅಭಿಪ್ರಾಯ ಅವರವರಿಗೆ ಬಿಟ್ಟದ್ದು ಎಂಬುದು ಅದರ ಸಾರ. ಆದರೂ ವಿಧಿಗಳಲ್ಲಿ ಕ್ರೈಸ್ತ ಛಾಯೆ ಉಳಿದೇ ಇತ್ತು. 1813ರಲ್ಲಿ ಇಂಗ್ಲೆಂಡಿನ ಎರಡು ಎದುರಾಳಿ ಗ್ರ್ಯಾಂಡ್ ಲಾಡ್ಜ್‌ಗಳು (ಲಾಡ್ಜ್‌ಗಳ ಮೇಲಿನ ಆಡಳಿತ ಸಂಸ್ಥೆಗಳು) ಒಂದಾದ ಮೇಲೆ, ಅದರ ಮುಖ್ಯಸ್ಥ ಡ್ಯೂಕ್ ಆಫ್ ಸಸೆಕ್ಸ್‌ನ ಕಾಲದಲ್ಲಿ, ಅದನ್ನು ಬಹುಮಟ್ಟಿಗೆ ಸೋಸಿ ತೆಗೆದರು.

ಇಂಗ್ಲಿಷ್ ಪದ್ಧತಿಯ ದೀಕ್ಷೆಯಲ್ಲಿ ಅಭ್ಯರ್ಥಿಯ ಕಣ್ಣಿಗೆ ಪಟ್ಟಿ, ಕೊರಳಿಗೆ ಹಗ್ಗ. ಎಡ ಮಂಡಿ ಕಾಣುವಂತೆ ಪ್ಯಾಂಟು ಮಡಚಿರುತ್ತದೆ, ಮೈಮೇಲಿನ ನಾಣ್ಯ, ಲೋಹವೆಲ್ಲ ಹೊರಗೆ. ಪ್ರಾರ್ಥನೆಯ ಬಳಿಕ, ಕಷ್ಟ ಬಂದಾಗ, ಅಪಾಯ ಬಂದಾಗ ಯಾರನ್ನು ನಂಬುತ್ತೀರಿ ಎಂಬ ಪ್ರಶ್ನೆ. ಉತ್ತರ, ದೇವರನ್ನು. ಆಮೇಲೆ ಎಡ ಮಂಡಿಯೂರಿ, ತೆರೆದ ಧರ್ಮಗ್ರಂಥದ ಮೇಲೆ ಬಲಗೈಯಿಟ್ಟು ಪ್ರಮಾಣ. ಗ್ರಂಥದ ಮೇಲೆ ಮೂಲೆಮಟ್ಟವೂ ಕೈವಾರವೂ ಇರುತ್ತವೆ. ಸದಸ್ಯತ್ವಕ್ಕೆ ಮೂರು ಹಂತ: ಮೊದಲ ಹಂತದಲ್ಲಿ ಕೈವಾರದ ಎರಡೂ ಮೊನೆ ಮೂಲೆಮಟ್ಟದಡಿ ಮರೆ, ಎರಡನೆಯದರಲ್ಲಿ ಒಂದು ಹೊರಗೆ, ಮೂರನೆಯದರಲ್ಲಿ ಎರಡೂ ಹೊರಗೆ. ಸಭೆ ನಡೆಯುವಷ್ಟು ಹೊತ್ತೂ ಗ್ರಂಥ ತೆರೆದೇ ಇರಬೇಕು. ಯಾವ ಗ್ರಂಥ ಎಂಬುದನ್ನು ಅಭ್ಯರ್ಥಿಯನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಸರಿಯಾದ ಕ್ರಮ. ತನ್ನದಲ್ಲದ ಗ್ರಂಥದ ಮೇಲಿಟ್ಟ ಆಣೆ ಅವನನ್ನು ಕಟ್ಟಿಹಾಕುವುದಿಲ್ಲವಲ್ಲ. ಹಾಗಾಗಿ ಭಾರತದ ಲಾಡ್ಜ್‌ಗಳಲ್ಲಿ ಗೀತೆ, ಕುರಾನ್, ಬೈಬಲ್, ಪಾರಸಿಗಳ ಅವೆಸ್ತಾ ಅಕ್ಕಪಕ್ಕ ಇರುವುದುಂಟು.

ಇಲ್ಲಿ ಇದು ಸಲೀಸಾಗಿ ಬಂದದ್ದಲ್ಲ. ಆರ್ಕಾಟ್ ನವಾಬನ ಮಗ ಉಮ್ದತ್-ಉಲ್-ಉಮ್ರಾ 1770ರ ದಶಕದಲ್ಲೇ ಮೇಸನ್ ಆದ. ಹಿಂದೂಗಳ ವಿಷಯ ಬಂದಾಗ ಮಾತ್ರ, ಹಲವು ದೇವರನ್ನು ಪೂಜಿಸುವವರು ಷರತ್ತಿಗೆ ಹೊಂದುತ್ತಾರೆಯೇ ಎಂಬ ತಕರಾರು. ಅದರ ಹಿಂದೆ ಬಿಳಿಯರ ಮಡಿವಂತಿಕೆಯೂ ಇತ್ತೆನ್ನಿ. ವ್ಯಾಪಾರಿ ಪ್ರಸನ್ನ ಕುಮಾರ ದತ್ತ ವರ್ಷಗಟ್ಟಲೆ ಪಟ್ಟು ಹಿಡಿದು 1872ರಲ್ಲಿ ಕಲ್ಕತ್ತೆಯಲ್ಲಿ ದೀಕ್ಷೆ ಪಡೆದರು. 1884ರಲ್ಲಿ ಅದೇ ಊರಿನ ಲಾಡ್ಜ್ ಸೇರಿದ ನರೇಂದ್ರನಾಥ ದತ್ತ ಮುಂದೆ ವಿವೇಕಾನಂದರಾದರು. ಬೆಂಗಳೂರಿನಲ್ಲೂ ಲಾಡ್ಜ್‌ಗಳನ್ನು ಹೊಂದಿರುವ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಹುಟ್ಟಿದ್ದು 1961ರಲ್ಲಿ.

ದೇವರ ಷರತ್ತು ಎಲ್ಲ ಕಡೆ ಒಂದೇ ಅಲ್ಲ. ಸ್ವೀಡನ್ನಿನ ಪದ್ಧತಿಯಲ್ಲಿ ಕ್ರೈಸ್ತನೇ ಆಗಿರಬೇಕು. ಫ್ರಾನ್ಸಿನ ಮೇಸನ್ನರ ಆಡಳಿತ ಸಂಸ್ಥೆ ಗ್ರ್ಯಾಂಡ್ ಓರಿಯಂಟ್ 1877ರಲ್ಲಿ ಷರತ್ತನ್ನೇ ಕಿತ್ತುಹಾಕಿತು. ಅದಕ್ಕಾಗಿ ವಾದಿಸಿದವನೂ ಪಾದ್ರಿಯೇ, ಪ್ರಾಟೆಸ್ಟಂಟ್ ಪಂಥದ ಫ್ರೆಡೆರಿಕ್ ದೆಮೋಂ. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಅದರ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಒಂದು ಬಣದ ಸದಸ್ಯ ಇನ್ನೊಂದರ ಸಭೆಗೆ ಕಾಲಿಡುವಂತಿಲ್ಲ ಎಂಬ ಕಟ್ಟು ಇವತ್ತಿಗೂ ಇದೆ.

ಹಾಗಾದರೆ ಇದೂ ಒಂದು ಧರ್ಮವೇ? ಅಲ್ಲ ಎನ್ನುತ್ತಾರೆ ಮೇಸನ್ನರು: ಮೋಕ್ಷದ ಮಾತಿಲ್ಲ, ಸಂಸ್ಕಾರಗಳಿಲ್ಲ, ಲಾಡ್ಜ್ ಒಳಗೆ ಮತಚರ್ಚೆಗೆ ನಿಷೇಧ. ಈ ವಾದ ಮುಕ್ಕಾಲುಪಾಲು ಸರಿ. ಆದರೆ ಪ್ರಾರ್ಥನೆ, ಗ್ರಂಥ, ಆಣೆ, ದೀಕ್ಷೆ ಎಲ್ಲ ಇದ್ದಮೇಲೆ ಬರೀ ಕ್ಲಬ್ ಎಂದರೂ ನಂಬುವುದು ಕಷ್ಟ. ರಾಯಲ್ ಆರ್ಚ್ ಎಂಬ ಶಾಖೆಯಲ್ಲಿ ‘ಜಾಬುಲೋನ್’ ಎಂಬ ಕೂಡುಪದವಿತ್ತು. ಅದರಲ್ಲಿ ಯೆಹೋವನ ಜತೆ ಬೈಬಲ್ ಖಂಡಿಸುವ ಅನ್ಯದೇವತೆ ಬಾಳನ ಹೆಸರೂ ಸೇರಿದೆಯೆಂದು ಟೀಕಾಕಾರರು ಓದಿದರು. 1987ರಲ್ಲಿ ಚರ್ಚ್ ಆಫ್ ಇಂಗ್ಲೆಂಡ್‌ನ ವರದಿ ಅದನ್ನು ದೇವನಿಂದೆಯೆಂದು ಆಕ್ಷೇಪಿಸಿತು. 1989ರಲ್ಲಿ ಮೇಸನ್ನರು ಪದವನ್ನೇ ಕೈಬಿಟ್ಟರು.

ಕ್ಯಾಥೊಲಿಕರ ನಿಷೇಧ ಇನ್ನೂ ಹಳೆಯದು. ಪೋಪ್ 12ನೇ ಕ್ಲೆಮೆಂಟ್ 1738ರಲ್ಲೇ ಹೊರಡಿಸಿದ ಆದೇಶಕ್ಕೆ ಗುಟ್ಟಿನ ಆಣೆ, ಎಲ್ಲ ಮತದವರ ಬೆರಕೆ ಎರಡೂ ಕಾರಣ. 1983ರ ಹೊಸ ಚರ್ಚ್ ಕಾನೂನಿನಲ್ಲಿ ಮೇಸನ್ನರ ಹೆಸರಿಲ್ಲದ್ದನ್ನು ಕಂಡು ಕೆಲವರು ನಿಷೇಧ ತೆರವಾಯಿತೆಂದುಕೊಂಡರು. ಅದೇ ನವೆಂಬರಿನಲ್ಲಿ ವ್ಯಾಟಿಕನ್ ಸ್ಪಷ್ಟಪಡಿಸಿತು: ಲಾಡ್ಜ್ ಸೇರಿದ ಕ್ಯಾಥೊಲಿಕನದು ಗಂಭೀರ ಪಾಪ, ಅವನು ಪರಮಪ್ರಸಾದ ಸ್ವೀಕರಿಸುವಂತಿಲ್ಲ. ಫಿಲಿಪ್ಪೀನ್ಸ್‌ನ ಬಿಷಪ್ಪರೊಬ್ಬರು ಕೇಳಿದಾಗ, 2023ರಲ್ಲಿ, ಅದನ್ನೇ ಮತ್ತೆ ಹೇಳಿತು.