ಮೋಟಾರು ಸುಟ್ಟರೆ ದುಡ್ಡು ಯಾರದ್ದು?

ಹಳ್ಳಿಯ ನೀರನ್ನು ಖಾಸಗಿಯವರ ಕೈಗೆ ಕೊಡಬಹುದಾ ಅಂತ ನನ್ನನ್ನು ಆಗಾಗ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಬೋರ್‌ವೆಲ್‌ನ ಮೋಟಾರು ಸುಟ್ಟರೆ ದುಡ್ಡು ಯಾರು ಕೊಡುತ್ತಾರೆ? ಕರಾರಿನಲ್ಲಿ ಅದಕ್ಕೆ ಉತ್ತರ ಸಿಗದಿದ್ದರೆ ಉಳಿದ ಪುಟ ಓದುವುದು ದಂಡ.

1980ರ ದಶಕದಿಂದ ಬಡ ದೇಶಗಳಲ್ಲಿ ನಡೆದು ಬಂದ ಪದ್ಧತಿ ಬೇರೆ. ಕೈಪಂಪು ಹಾಕು, ಊರಿನವರದ್ದೇ ಒಂದು ಸಮಿತಿ ಮಾಡು, ಪಾನಾ ಅವರ ಕೈಗೆ ಕೊಟ್ಟು ಬಾ. ಕೇಳೋಕೆ ಚೆಂದ. ಆದರೆ 2009ರ ಹೊತ್ತಿಗೆ ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ ಮೂರರಲ್ಲಿ ಒಂದು ಕೈಪಂಪು ಕೆಟ್ಟು ನಿಂತಿದೆ ಅನ್ನುವ ಅಂದಾಜು ಬಂತು. ಸಮಿತಿಯವರನ್ನು ಬೈದು ಏನು ಪ್ರಯೋಜನ? ಹೊಲದ ಕೆಲಸ ಬಿಟ್ಟು, ಸಂಬಳವೂ ಇಲ್ಲದೆ, ಒಂದು ವಾಷರ್‌ಗಾಗಿ ಅವರು ಎಷ್ಟು ದಿನ ಪೇಟೆ ಅಲೆದಾರು?

ಸೆನೆಗಲ್, ಮಾರಿಟೇನಿಯಾ, ರುವಾಂಡಾ, ಬೆನಿನ್ ದೇಶಗಳು ಖಾಸಗಿ ಆಪರೇಟರ್‌ಗಳತ್ತ ತಿರುಗಿದ್ದು ಇದಕ್ಕೇ. ಬೋರ್‌ವೆಲ್, ಟ್ಯಾಂಕು, ಪೈಪು ಎಲ್ಲ ಸರ್ಕಾರದ್ದೇ ಆಗಿರುತ್ತದೆ. ನೀರೆತ್ತಿ, ಹಂಚಿ, ದುಡ್ಡು ವಸೂಲಿ ಮಾಡುವುದಷ್ಟೇ ಆಪರೇಟರ್ ಕೆಲಸ. ದೊಡ್ಡ ಕಂಪನಿಯೇ ಬರಬೇಕು ಅಂತಿಲ್ಲ. ಎಷ್ಟೋ ಕಡೆ ಒಬ್ಬ ಮೆಕ್ಯಾನಿಕ್, ಒಂದು ಬೈಕು, ಒಂದು ಲೆಕ್ಕದ ಪುಸ್ತಕ, ಅಷ್ಟೇ.

ಆ ಪುಸ್ತಕದ ಹತ್ತಿರ ಸ್ವಲ್ಪ ನಿಲ್ಲೋಣ. ಬೋರ್‌ವೆಲ್ ತಲೆಯ ಮೀಟರ್ ದಿನಕ್ಕೆ 40 ಸಾವಿರ ಲೀಟರ್ ತೋರಿಸುತ್ತದೆ ಅಂದುಕೊಳ್ಳಿ. ನಲ್ಲಿಗಳ ಮೀಟರ್ ಕೂಡಿದರೆ 26 ಸಾವಿರ. ಮಿಕ್ಕ 14 ಸಾವಿರ, ಅಂದರೆ 20 ಲೀಟರಿನ 700 ಕ್ಯಾನು ನೀರು, ಎಲ್ಲೋ ಸೋರಿತು ಇಲ್ಲವೇ ಯಾರೋ ಪುಕ್ಕಟೆ ಒಯ್ದರು. ಸಮಿತಿ ಇದ್ದಾಗ ಈ ಅಂತರ ಎಷ್ಟೋ ಕಡೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ, ಏಕೆಂದರೆ ಎರಡನೇ ಮೀಟರೇ ಇರುತ್ತಿರಲಿಲ್ಲ. ಆಪರೇಟರ್‌ಗೆ ಅದು ಡೀಸೆಲ್ ಸುಟ್ಟು ಚೆಲ್ಲಿದ ದುಡ್ಡು. ರಾತ್ರಿ ಟಾರ್ಚ್ ಹಿಡಿದು ಪೈಪಿನ ಸಾಲು ನಡೆಯುತ್ತಾನೆ. ಖಾಸಗಿಯವರಿಂದ ನಿಜವಾದ ಲಾಭ ಏನಾದರೂ ಇದ್ದರೆ ಅದು ಇಲ್ಲೇ ಅಂತ ನನ್ನ ಅನಿಸಿಕೆ.

ತೊಂದರೆ ಮಳೆಗಾಲದಲ್ಲಿ ಶುರುವಾಗುತ್ತದೆ. ಸೂರಿನ ನೀರು, ಹಳ್ಳದ ನೀರು ಪುಕ್ಕಟೆ ಸಿಗುವಾಗ ನಲ್ಲಿಗೆ ಯಾರು ಬರುತ್ತಾರೆ? ವ್ಯಾಪಾರ ಕುಸಿಯುತ್ತದೆ, ಆದರೆ ನೀರುಗಂಟಿಯ ಸಂಬಳ ನಿಲ್ಲುವುದಿಲ್ಲ ಅಲ್ವಾ? ಒಂದೇ ಊರು ನಂಬಿಕೊಂಡ ಆಪರೇಟರ್ ಇಲ್ಲಿ ಮುಗ್ಗರಿಸುತ್ತಾನೆ. ಅದಕ್ಕೇ ಈಗ ಹತ್ತಾರು ಊರುಗಳನ್ನು ಗಂಟು ಹಾಕಿ ಒಬ್ಬರಿಗೇ ಕೊಡುತ್ತಾರೆ. ಸೆನೆಗಲ್‌ನಲ್ಲಿ 2014ರಲ್ಲಿ ಹಳ್ಳಿಗಳ ಬೋರ್‌ವೆಲ್ ನೋಡಿಕೊಳ್ಳಲೆಂದೇ ಒಂದು ಸರ್ಕಾರಿ ಕಚೇರಿ ಹುಟ್ಟಿತು; ಅದು ಇಡೀ ಪ್ರದೇಶಗಳನ್ನೇ ಒಟ್ಟಿಗೆ ಗುತ್ತಿಗೆ ಕೊಡುತ್ತದೆ. ಉಗಾಂಡಾ ಬೇರೆ ದಾರಿ ಹಿಡಿಯಿತು. 2017ರಿಂದ ಹಲವು ಸಣ್ಣ ಪೇಟೆಗಳ ನೀರನ್ನು ಆಪರೇಟರ್‌ಗಳಿಂದ ವಾಪಸು ಪಡೆದು ಸರ್ಕಾರಿ ಪ್ರಾದೇಶಿಕ ಸಂಸ್ಥೆಗಳಿಗೆ ಕೊಟ್ಟಿತು.

ಕೀನ್ಯಾದ ಕ್ಯೂಸೋದಲ್ಲಿ ಕೈಪಂಪಿನ ಹಿಡಿಯೊಳಗೆ ಪುಟ್ಟ ಟ್ರಾನ್ಸ್‌ಮಿಟರ್ ಕೂರಿಸಿದರು. ಹಿಡಿ ಆಡುವುದು ನಿಂತರೆ ಮೊಬೈಲ್ ಜಾಲದ ಮೂಲಕ ಗೊತ್ತಾಗುತ್ತಿತ್ತು, ಮೆಕ್ಯಾನಿಕ್ ಹೊರಡುತ್ತಿದ್ದ. ಸರಾಸರಿ 27 ದಿನ ಹಿಡಿಯುತ್ತಿದ್ದ ರಿಪೇರಿ 3 ದಿನದೊಳಗೆ ಇಳಿಯಿತು. ಮುಂದೆ ಇದೇ ಮಾದರಿಯಲ್ಲಿ ಸ್ಥಳೀಯ ರಿಪೇರಿ ಕಂಪನಿಗಳು ಹುಟ್ಟಿದವು. ಆದರೆ ಜನ ಕೊಡುವ ಹಣ ಮಾತ್ರ ಸಾಲಲಿಲ್ಲ, ಜೊತೆಗೆ ಒಂದು ಟ್ರಸ್ಟ್ ನಿಧಿಯೂ ಬೇಕಾಯಿತು. ಹಳ್ಳಿಯ ನೀರು ತನ್ನ ಖರ್ಚನ್ನು ತಾನೇ ಪೂರ್ತಿ ದುಡಿಯುತ್ತದೆ ಅಂತ ಯಾರಾದರೂ ಹೇಳಿದರೆ ನಾನಂತೂ ನಂಬುವುದಿಲ್ಲ.

ಇನ್ನು ಆ ಮೋಟಾರು. ಸಾಮಾನ್ಯವಾಗಿ ವಾಲ್ವ್, ನಲ್ಲಿಯಂಥ ಸಣ್ಣ ರಿಪೇರಿ ಆಪರೇಟರ್‌ನದ್ದು, ಮೋಟಾರು, ಪಂಪಿನಂಥ ದೊಡ್ಡದು ಮಾಲೀಕನದ್ದು, ಅಂದರೆ ಸರ್ಕಾರದ್ದು. ದೊಡ್ಡದಕ್ಕೆಂದು ಮಾರಿದ ನೀರಿನ ಮೇಲೆ ಇಷ್ಟಿಷ್ಟು ಅಂತ ಬೇರೆ ಖಾತೆಗೆ ಕಟ್ಟಿರುತ್ತಾರೆ. ಒಮ್ಮೆ ನಾನು ನೋಡಿದ ಊರಲ್ಲಿ ಖಾತೆ ತುಂಬಿತ್ತು, ಮೋಟಾರೂ ಅಂಗಡಿಯಲ್ಲಿ ಸಿದ್ಧವಿತ್ತು. ಚೆಕ್ಕಿಗೆ ಮೂವರ ಸಹಿ ಬೇಕಿತ್ತು. ಮೂರನೆಯವರು ಸಿಗಲು ಆರು ವಾರ ಹಿಡಿಯಿತು. ಅಂದಿನಿಂದ ನಾನು ನೋಡುವ ಪ್ರತಿ ಕರಾರಿನಲ್ಲಿ ಒಂದು ಸಾಲು ಸೇರಿಸುತ್ತೇನೆ: 72 ಗಂಟೆಯಲ್ಲಿ ಸಹಿ ಬೀಳದಿದ್ದರೆ ಆಪರೇಟರ್ ತಾನೇ ಮೋಟಾರು ತಂದು ಇಳಿಸಬಹುದು, ಆ ದುಡ್ಡನ್ನು ಬೋರ್‌ವೆಲ್, ಪೈಪು ಬಳಸುವುದಕ್ಕೆ ತಾನು ಸರ್ಕಾರಕ್ಕೆ ಕಟ್ಟಬೇಕಾದ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.