ಮರೆವು ಅಂದರೆ ಯಾವ ಮರೆವು?

ಮರೆವಿನ ದೂರು ಹೊತ್ತು ಬಂದವರಿಗೆ ನಾವು ಮಾಡುವ ಒಂದು ಪರೀಕ್ಷೆ ತೀರಾ ಸರಳ. ಒಂದಷ್ಟು ಪದಗಳನ್ನು ಓದಿ ಹೇಳುತ್ತೇವೆ, ಅವರು ತಿರುಗಿ ಹೇಳಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತೇವೆ. ಮೊದಲ ಸಲವೇ ಪದಗಳು ತಲೆಗೆ ಹೋಗದಿದ್ದರೆ ನಮ್ಮ ಅನುಮಾನ ಗಮನದ ಮೇಲೆ. ನಿದ್ದೆಗೆಟ್ಟವರಲ್ಲಿ, ಚಿಂತೆ ಹಚ್ಚಿಕೊಂಡವರಲ್ಲಿ ಇದನ್ನು ಜಾಸ್ತಿ ನೋಡುತ್ತೇವೆ. ಆಗ ಸರಿಯಾಗಿ ಹೇಳಿದ್ದು ಆಮೇಲೆ ಸುಳಿವು ಕೊಟ್ಟರೂ ಬಾರದಿದ್ದರೆ ಕಥೆ ಬೇರೆ. ಸುಳಿವು ಸಿಕ್ಕ ಕೂಡಲೇ ಥಟ್ಟನೆ ಬಂದರೆ ಅದೂ ಬೇರೆಯೇ. ಬಂದವರ ಲೆಕ್ಕದಲ್ಲಿ ಮಾತ್ರ ಮೂರೂ ಮರೆವೇ.

ಅವರದೇನೂ ತಪ್ಪಿಲ್ಲ. ಮನೋವಿಜ್ಞಾನವೂ ಶುರುವಾಗಿದ್ದು ಅಲ್ಲಿಂದಲೇ ಅಲ್ವಾ? ನೆನಪು, ಗಮನ, ಬುದ್ಧಿ, ಕೋಪ ಯಾವುದೂ ಲ್ಯಾಬಿನಲ್ಲಿ ಹುಟ್ಟಿದ್ದಲ್ಲ. ಜನ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಲು ಬಳಸುತ್ತಿದ್ದ ವಿಂಗಡಣೆಯನ್ನೇ ವಿಜ್ಞಾನ ಎತ್ತಿಕೊಂಡು ಅಳೆಯತೊಡಗಿತು. ಸ್ವಭಾವದ ವಿಷಯದಲ್ಲಂತೂ ಇದು ನೇರಾನೇರ. 1936ರಲ್ಲಿ ಮನೋವಿಜ್ಞಾನಿಗಳಾದ ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ ಇಂಗ್ಲಿಷ್ ನಿಘಂಟು ಜಾಲಾಡಿ, ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಆರಿಸಿದರು. ಅದನ್ನು ಬೇರೆಯವರು ಸೋಸುತ್ತಾ ಹೋದದ್ದರಿಂದಲೇ ಮುಂದೆ ಸ್ವಭಾವವನ್ನು ಐದು ಮುಖ್ಯ ಗುಣಗಳಲ್ಲಿ ಅಳೆಯುವ ‘ಬಿಗ್ ಫೈವ್’ ಬಂತು. ಜನ ಗುರುತಿಸಿ ಹೆಸರಿಡದ ಗುಣ ಈ ಬಲೆಗೆ ಬೀಳುವುದೇ ಇಲ್ಲ.

ಎತ್ತಿಕೊಂಡ ವಿಂಗಡಣೆ ಕೆಲವೊಮ್ಮೆ ಒಡೆದೂ ಹೋಗುತ್ತದೆ. 1953ರಲ್ಲಿ ಹೆನ್ರಿ ಮೊಲೈಸನ್‌ಗೆ ಫಿಟ್ಸ್ ನಿಲ್ಲಿಸಲೆಂದು ಮೆದುಳಿನ ಆಪರೇಷನ್ ಆಯಿತು. ಆಮೇಲೆ ನಡೆದ ಯಾವ ಘಟನೆಯೂ ಅವರ ನೆನಪಿನಲ್ಲಿ ಉಳಿಯಲಿಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಮೊಲೈಸನ್‌ಗೆ ಒಂದು ಕೆಲಸ ಕೊಟ್ಟರು: ಕೈ ನೋಡದೆ, ಕನ್ನಡಿಯಲ್ಲಷ್ಟೇ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದಬೇಕು. ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಯಿತು. ಆದರೆ ಈ ಕೆಲಸ ಹಿಂದೆ ಮಾಡಿದ್ದೇ ಅವರಿಗೆ ಗೊತ್ತಿರಲಿಲ್ಲ. ಕೈ ಕಲಿಯುವುದು ಒಂದು, ನಡೆದದ್ದು ನೆನಪಿರುವುದು ಇನ್ನೊಂದು ಎಂದು ಒಪ್ಪದೆ ಬೇರೆ ದಾರಿ ಇರಲಿಲ್ಲ.

ಹಾಗಂತ ದಿನಬಳಕೆಯ ಕಲ್ಪನೆಗಳನ್ನೆಲ್ಲ ಬಿಸಾಕಿ ಅನ್ನುವವರ ಜೊತೆ ನಾನಿಲ್ಲ. ಜನ ಕಷ್ಟ ಹೇಳಿಕೊಳ್ಳುವುದೇ ಅವುಗಳಲ್ಲಿ. ನನ್ನ ತಕರಾರು ಖಿನ್ನತೆಯ ಬಗ್ಗೆ. ಅದಿನ್ನೂ ಸಾಕಷ್ಟು ಒಡೆದಿಲ್ಲ ಅನ್ನಿಸುತ್ತದೆ. ಅದನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವ ಪಿಎಚ್‌ಕ್ಯು-9 ಎಂಬ ಪ್ರಶ್ನೆಪಟ್ಟಿಯಲ್ಲಿ 9 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ. ನಿದ್ದೆ ಬಾರದಿರುವುದು, ಅತಿಯಾಗಿ ಬರುವುದು ಎರಡೂ ಒಂದೇ ಪ್ರಶ್ನೆಯಲ್ಲಿವೆ. ಹಸಿವಿನದೂ ಹಾಗೆಯೇ. ರಾತ್ರಿಯಿಡೀ ಕಣ್ಣುಬಿಟ್ಟು ಮಲಗುವವರಿಗೂ ಹಗಲೆಲ್ಲ ಮಲಗುವವರಿಗೂ ಅದೇ 3. ಅದಕ್ಕೇ ಒಟ್ಟು ಅಂಕ ಬರೆದ ಮೇಲೆ ನಾನು ಆ ಎರಡು ಪ್ರಶ್ನೆಗಳಿಗೆ ಮತ್ತೆ ಹೋಗಿ, ‘ಯಾವ ಕಡೆಗೆ?’ ಎಂದು ಕೇಳಿ ಪಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತೇನೆ.