ಕಲೆ ಬಿದ್ದ ಗಾಜು

1405ರಲ್ಲಿ ಇಂಗ್ಲೆಂಡಿನ ಯಾರ್ಕ್ ಮಿನ್‌ಸ್ಟರ್ ಕೆಥೆಡ್ರಲ್‌ನವರು ಕವೆಂಟ್ರಿ ಊರಿನ ಜಾನ್ ಥಾರ್ನ್‌ಟನ್ ಎಂಬ ಕುಶಲಕರ್ಮಿಗೆ ಒಂದು ಕಿಟಕಿಯ ಕೆಲಸ ಒಪ್ಪಿಸಿದರು. ವಾರಕ್ಕೆ 4 ಶಿಲಿಂಗ್ ಕೂಲಿ, ವರ್ಷಕ್ಕೆ 5 ಪೌಂಡ್, ಮೂರು ವರ್ಷದಲ್ಲಿ ಮುಗಿಸಿದರೆ 10 ಪೌಂಡ್ ಇನಾಮು. ಥಾರ್ನ್‌ಟನ್ ಮುಗಿಸಿದ. ಕಿಟಕಿಯ ತುತ್ತತುದಿಯಲ್ಲಿ 1408 ಅಂತ ಇಸವಿಯೂ ಇದೆ. ಕಿಟಕಿ ಅಂದರೆ ಸುಮ್ನೆ ಅಲ್ಲ, ಹೆಚ್ಚೂಕಡಿಮೆ ಟೆನಿಸ್ ಅಂಗಳದಷ್ಟು ದೊಡ್ಡ ಗಾಜಿನ ಗೋಡೆ. 311 ಫಲಕಗಳಲ್ಲಿ ಬೈಬಲ್ಲಿನ ಸೃಷ್ಟಿಯಿಂದ ಲೋಕದ ಕೊನೆಯವರೆಗಿನ ಕಥೆ.

ಇಂಥ ಬಣ್ಣದ ಗಾಜಿಗೆ ಇಂಗ್ಲಿಷಿನವರು ಸ್ಟೇನ್ಡ್ ಗ್ಲಾಸ್ ಅನ್ನುತ್ತಾರೆ. ಅಂದರೆ ಕಲೆ ಬಿದ್ದ ಗಾಜು. ಬಟ್ಟೆ ಮೇಲಿನ ಕಲೆಗೂ ಚಿತ್ರಕಲೆಗೂ ಒಂದೇ ಪದ ಇಟ್ಟುಕೊಂಡಿರುವ ನಮಗೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ, ಅಲ್ವಾ? ಆದರೆ ಇಡೀ ಕಿಟಕಿಯಲ್ಲಿ ನಿಜವಾಗಿ ಕಲೆಯಂತೆ ಇಳಿದಿರುವ ಬಣ್ಣ ಒಂದೇ. ಅದು ಹಳದಿ.

ನೀಲಿ ಬೇಕಾದರೆ ಗಾಜು ಕರಗಿರುವಾಗಲೇ ಚಿಟಿಕೆ ಕೋಬಾಲ್ಟ್ ಸೇರಿಸುತ್ತಿದ್ದರು. ಕೆಂಪಿಗೆ ತಾಮ್ರ. ಆದರೆ ತಾಮ್ರದ ಕೆಂಪು ಎಷ್ಟು ಗಾಢ ಎಂದರೆ, ಗಾಜು ಸ್ವಲ್ಪ ದಪ್ಪವಾದರೂ ಕಪ್ಪಾಗಿಯೇ ಕಾಣುತ್ತದೆ. ಅದಕ್ಕೇ ಬಿಳಿ ಗಾಜಿನ ಮೇಲೆ ಕೆಂಪು ಗಾಜಿನ ತೆಳು ಪದರ ಹಚ್ಚುತ್ತಿದ್ದರು. ಕಣ್ಣು, ಮೂಗು, ಸೆರಗಿನ ನೆರಿಗೆಯನ್ನು ಕಪ್ಪು ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ ಬೇಯಿಸಿದರೆ ಅದು ಮೇಲೆ ಅಂಟಿಕೊಳ್ಳುತ್ತದೆ.

ಹಳದಿಯ ದಾರಿ ಬೇರೆ. ಬೆಳ್ಳಿಯ ಲವಣವನ್ನು ಜೇಡಿಮಣ್ಣಿನಲ್ಲಿ ಕಲಸಿ ಗಾಜಿನ ಹಿಂಬದಿಗೆ ಬಳಿದು ಕಾಯಿಸುತ್ತಾರೆ. ಆರಿದ ಮೇಲೆ ಮಣ್ಣನ್ನು ಉಜ್ಜಿ ತೆಗೆದರೆ ಗಾಜಿನ ಒಳಗೇ ಹಳದಿ ಕೂತಿರುತ್ತದೆ! ಕಾವಿಗೆ ಬೆಳ್ಳಿಯ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳು, ಒಳನುಗ್ಗಿ, ಅಲ್ಲಿದ್ದ ಪೊಟ್ಯಾಸಿಯಂ ಅಯಾನುಗಳನ್ನು ಹೊರಗೆ ಕಳಿಸಿ ಆ ಜಾಗ ಹಿಡಿಯುತ್ತವೆ. ಆಮೇಲೆ ಗುಂಪುಗೂಡಿ ಕೆಲವೇ ನ್ಯಾನೋಮೀಟರಿನ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಬೆಳ್ಳಿ ಗುಂಡುಗಳಾಗುತ್ತವೆ. ಬಿಸಿಲಿನ ನೇರಳೆ, ನೀಲಿಯನ್ನು ಅವು ನುಂಗಿಬಿಡುತ್ತವೆ. ಆಚೆ ಬರುವುದು ಹಳದಿ. ಮೊದಲೆಲ್ಲ ಬಿಳಿ ಮುಖಕ್ಕೆ ಹೊಂಗೂದಲು ಬೇಕೆಂದರೆ ಬೇರೆ ಗಾಜು ಕತ್ತರಿಸಿ, ನಡುವೆ ಸೀಸದ ಪಟ್ಟಿ ಕೂರಿಸಬೇಕಿತ್ತು. ಈಗ ಮುಖ, ಕೂದಲು, ಕಿರೀಟ ಎಲ್ಲ ಒಂದೇ ತುಂಡಿನಲ್ಲಿ.

ಆ ಪೊಟ್ಯಾಸಿಯಂ ಬಂದದ್ದು ಬೂದಿಯಿಂದ. ಗಾಜು ಆಗುವುದು ಮರಳು ಕರಗಿ, ಆದರೆ ಬರೀ ಮರಳು ಕರಗಲು ಸುಮಾರು 1,700 ಡಿಗ್ರಿ ಬೇಕು. ಸೌದೆ ಕುಲುಮೆಗೆ ಅಷ್ಟು ಕಾವು ಎಲ್ಲಿಂದ ಬರಬೇಕು? ಬೀಚ್‌ನಂಥ ಮರದ ಬೂದಿ ಬೆರೆಸಿದರೆ ಕಡಿಮೆ ಬಿಸಿಗೇ ಕರಗುತ್ತದೆ. ಆದರೆ ಇಂಥ ಗಾಜಿನಲ್ಲಿ ಪೊಟ್ಯಾಸಿಯಂ ಗಟ್ಟಿಯಾಗಿ ಕೂರುವುದಿಲ್ಲ. ಬೆಳ್ಳಿಗೆ ಜಾಗ ಬಿಟ್ಟುಕೊಟ್ಟಂತೆ ನೀರಿಗೂ ಬಿಟ್ಟುಕೊಡುತ್ತದೆ. ಬೆಳ್ಳಿಗೆ ಕುಲುಮೆಯ ಕಾವು ಬೇಕು, ಮಳೆಗೆ ಕಾಲ ಸಿಕ್ಕರೆ ಸಾಕು. ಶತಮಾನಗಳ ತೇವಕ್ಕೆ ಹೊರಮೈ ಸವೆದು, ಸಿಡುಬಿನ ಮುಖದಂತೆ ಕುಳಿ ಬಿದ್ದು, ಮೇಲೆ ಬಿಳಿ ಹೊಟ್ಟು ಕಟ್ಟಿಕೊಳ್ಳುತ್ತದೆ. ಹಳೆ ಗಾಜು ಮೆಲ್ಲಗೆ ಕೆಳಕ್ಕೆ ಹರಿಯುತ್ತದೆ, ಅದಕ್ಕೇ ಅಡಿಭಾಗ ದಪ್ಪ ಅನ್ನುವ ಕಥೆ ಮಾತ್ರ ಸುಳ್ಳು. ಬಾಯಲ್ಲಿ ಊದಿ ಮಾಡಿದ ಹಾಳೆ ಹುಟ್ಟುವಾಗಲೇ ಏರುಪೇರಾಗಿರುತ್ತಿತ್ತು.

ಥಾರ್ನ್‌ಟನ್‌ನ ಫಲಕಗಳನ್ನೆಲ್ಲ ಬಿಚ್ಚಿ, ದುರಸ್ತಿ ಮಾಡಿ, 2018ರ ಹೊತ್ತಿಗೆ ಮತ್ತೆ ಕೂರಿಸಿದರು. ಈಗ ಹೊರಗಡೆ ಇನ್ನೊಂದು ಹೊಸ ಗಾಜಿದೆ. ಮಳೆ ಬಡಿಯುವುದು ಅದಕ್ಕೆ. ನಡುವೆ ಗಾಳಿಯಾಡಲು ಒಂದಿಷ್ಟು ಜಾಗ, ಅದರ ಹಿಂದೆ ಬೂದಿಯ ಗಾಜು, ಒಣಗಿಕೊಂಡು.